ಗಾರ್ನೊ ಮನೆತನದ ಹಾಜರಿ

ನನ್ನ ಮಾವ ಎಕ್‌ಹಾರ್ಟ್ ಗಾರ್ನೊ ಕೆಟ್ಟ ಮನುಷ್ಯನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಹೇಳಲಿ. ಕೆಟ್ಟವನಾಗಿದ್ದರೆ ನಾಲ್ಕು ಬೈದು ಸುಮ್ಮನಾಗುತ್ತಿದ್ದೆ. ಒಳ್ಳೆಯವರು ನಗುನಗುತ್ತ ಮಾಡುವ ಕೆಲಸಕ್ಕೆ ಏನು ಬೈಯುವುದು?

ಐದು ವರ್ಷಕ್ಕೊಮ್ಮೆ ಗಾರ್ನೊ ಎಂಬ ಹೆಸರಿನವರೆಲ್ಲ ನಾವಿರುವ ಜರ್ಮನಿಯ ಎರ್ಲಾಂಗೆನ್‌ನಲ್ಲಿ ಸೇರುತ್ತಾರೆ. ಹೆಸರು ಇಲ್ಲಿಯದಲ್ಲ, ದಕ್ಷಿಣ ಫ್ರಾನ್ಸಿನ ಬೆಟ್ಟಗಳದು. ಅಲ್ಲಿಯ ದೊರೆ ಪ್ರೊಟೆಸ್ಟಂಟರ ಪ್ರಾರ್ಥನೆಯನ್ನೇ ನಿಷೇಧಿಸಿದಾಗ ಪಿಯೆರ್ ಗಾರ್ನೊ ಎಂಬ ಕಾಲುಚೀಲ ನೇಯುವವನು ಹೆಂಡತಿಯನ್ನು ಕರೆದುಕೊಂಡು ಊರು ಬಿಟ್ಟ. ಜಿನೀವಾಕ್ಕೆ ಬಂದ, ಬರ್ನ್‌ಗೆ ಬಂದ, ಎಲ್ಲೂ ನಿಲ್ಲಲಾಗದೆ ಕೊನೆಗೆ ಇಲ್ಲಿಗೆ ಬಂದ. ಇಲ್ಲಿಯ ಅರಸ ಇಂಥ ನಿರಾಶ್ರಿತರಿಗಾಗಿಯೇ ಹೊಸ ಪೇಟೆ ಕಟ್ಟಿಸುತ್ತಿದ್ದ. ನಾನು ದಿನಾ ಸೈಕಲ್ ತುಳಿದು ಆಫೀಸಿಗೆ ಹೋಗುವ ನೇರ ಬೀದಿಗಳು ಅವೇ.

ಈ ಕೂಟದ ವಿಷಯವನ್ನು ಗದಗಿನಲ್ಲಿರುವ ನನ್ನ ಅವ್ವ ಗಂಗವ್ವನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ. ಮಾವ ಮೂಲಪುರುಷನಿಂದ ಶುರುಮಾಡಿ ಒಂದೊಂದೇ ಕವಲಿನ ಹೆಸರು ಕೂಗುತ್ತಾನೆ, ಬದುಕಿರುವವರು ಎದ್ದುನಿಂತು ‘ಹಿಯರ್’, ಅಂದರೆ ಇಲ್ಲಿದ್ದೇನೆ, ಎನ್ನಬೇಕು.

“ಅಯ್ಯ, ಅಲ್ಲೂ ಹೆಳವರು ಅದಾರೇನವಾ ಸಂಜನಾ?” ಎಂದಳು ಅವ್ವ. “ನಿಮ್ಮ ಹೆಳವ ಎತ್ತಿನ ಮ್ಯಾಲೆ ಬರ್ತಾನೋ, ಕಾರಿನ್ಯಾಗ ಬರ್ತಾನೋ?”

ಇಬ್ಬರೂ ನಕ್ಕೆವು. ಆದರೆ ನನ್ನ ತಲೆಯಲ್ಲಿ ಅದೇ ಕುಳಿತುಬಿಟ್ಟಿತು. ನಮ್ಮ ಮನೆಗೆ ಬರುತ್ತಿದ್ದ ಹೆಳವ ಅಂಗಳದಲ್ಲಿ ಎತ್ತು ನಿಲ್ಲಿಸಿ, ನಮ್ಮವರು ಯಾವ ಊರಿನ ಬರಕ್ಕೆ ಯಾವ ಊರು ಬಿಟ್ಟು ಎಲ್ಲಿ ನೆಲೆಸಿದರು ಎಂಬುದನ್ನೆಲ್ಲ ಹಾಡುತ್ತಿದ್ದ. ನನ್ನ ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ, ಗುರುಬಸಪ್ಪನನ್ನು ದತ್ತು ತಂದಿದ್ದ. ಅವನ ಹೆಸರು ಬಂದಾಗ ಹೆಳವ ಒಮ್ಮೆಯೂ ದನಿ ತಗ್ಗಿಸಲಿಲ್ಲ. ಉಳಿದವರನ್ನು ಹಾಡಿದ ಉಸಿರಿನಲ್ಲೇ ಅವನನ್ನೂ ಹಾಡಿದ.

ಅದನ್ನೇ ನಂಬಿ ನಾನು ಮಗಳಿಗೆ ಹೇಳಿದ್ದು. “ನಿನ್ನ ಹೆಸರೂ ಕೂಗ್ತಾರವಾ. ಎದ್ದು ನಿಂತು ಗಟ್ಟಿಯಾಗಿ ಹೇಳು, ಮೆಲ್ಲಕ ಅನಬ್ಯಾಡ.”

ಮಗಳು ಸ್ಮಿತಾ, ನನ್ನ ಮೊದಲ ಗಂಡ ಸುನಿಲಕುಮಾರನ ಮಗಳು. ನಾವು ಮೂವರೂ ಇಲ್ಲಿಗೆ ಬಂದ ಮರುವರ್ಷವೇ ಸುನಿಲ ಹೃದಯಾಘಾತದಿಂದ ಹೋದ. ಆಮೇಲೆ ಎಕ್‌ಹಾರ್ಟ್‌ನ ಮಗ ಟೀಲೋನನ್ನು ಮದುವೆಯಾದೆ. ಕಳೆದ ವರ್ಷ ಟೀಲೋ ಕೋರ್ಟಿನಲ್ಲಿ ಅವಳನ್ನು ದತ್ತು ತೆಗೆದುಕೊಂಡ. ಬಲವಂತ ಯಾರದ್ದೂ ಇರಲಿಲ್ಲ, ತನಗೂ ಅದೇ ಹೆಸರು ಬೇಕೆಂದು ಕೇಳಿದವಳು ಅವಳೇ. ಅಂದು ಸಂಜೆಯೇ ಶಾಲೆಯ ಚೀಲದ ಮೇಲೆ ‘ಸ್ಮಿತಾ ಗಾರ್ನೊ’ ಎಂದು ದಪ್ಪ ಅಕ್ಷರದಲ್ಲಿ ಬರೆದುಕೊಂಡಳು.

ಕೂಟದ ದಿನ ಮಾವ ಮೈಕ್ ಹಿಡಿದು ಪಿಯೆರ್‌ನ ಕಥೆ ಹೇಳಿದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಮಾತಾಡುವ ಮನುಷ್ಯ. “ಭಾಷೆ ಬಾರದ, ಕೈಯಲ್ಲಿ ಕಾಸಿಲ್ಲದ ನಮ್ಮವರನ್ನು ಈ ಊರು ಒಳಗೆ ಕರೆಯಿತು. ನಾಲಿಗೆ ಹೊರಳದ ನಮ್ಮ ಹೆಸರನ್ನು ತನ್ನದಾಗಿ ಮಾಡಿಕೊಂಡಿತು,” ಎಂದ. ಮುದುಕಿಯರು ಕಣ್ಣೊರೆಸಿಕೊಂಡರು. ಸುಳ್ಳೇಕೆ ಹೇಳಲಿ, ನಾನೂ ಒರೆಸಿಕೊಂಡೆ.

ಆಮೇಲೆ ಹಾಜರಿ ಶುರುವಾಯಿತು. ಬರ್ಲಿನ್ನಿನ ಕವಲಿನವರು ಎದ್ದರು. ಅಮೆರಿಕದ ಓಹಾಯೋದಿಂದ ಒಬ್ಬ ಬಂದಿದ್ದ. ಜರ್ಮನ್ ಒಂದಕ್ಷರ ಬಾರದು, ಎರ್ಲಾಂಗೆನ್ ಕಂಡದ್ದು ಹಿಂದಿನ ದಿನ. ಅವನು ಇಂಗ್ಲಿಷಿನಲ್ಲೇ ‘ಹಿಯರ್’ ಎಂದ, ಸಭೆ ಚಪ್ಪಾಳೆ ತಟ್ಟಿತು. ಹೆಂಡತಿ ಮಕ್ಕಳನ್ನು ಬಿಟ್ಟು ಓಡಿಹೋದ ಒಬ್ಬ ಸೋದರಸಂಬಂಧಿಯ ಹೆಸರನ್ನೂ ಮಾವ ಬಿಡದೆ ಕೂಗಿದ, ಎದ್ದು ನಿಲ್ಲುವವರಿರಲಿಲ್ಲ ಅಷ್ಟೇ.

“ಟೀಲೋ ಗಾರ್ನೊ, ಪತ್ನಿ ಸಂಜನಾ.”

ನಾವಿಬ್ಬರೂ ಎದ್ದು ‘ಹಿಯರ್’ ಎಂದೆವು. ಸ್ಮಿತಾ ಕುರ್ಚಿಯಿಂದ ಅರ್ಧ ಎದ್ದಿದ್ದಳು, ಬಾಯಿ ತೆರೆದಿದ್ದಳು.

“ರೆನಾಟೆ ಗಾರ್ನೊ,” ಎಂದ ಮಾವ.

ಪಕ್ಕದ ಸಾಲಿನಿಂದ ಟೀಲೋನ ಸೋದರತ್ತೆ ಎದ್ದಳು. ನನ್ನ ಮಗಳು ಮೆಲ್ಲನೆ ಕುಳಿತಳು. ಕುಳಿತು, ಫ್ರಾಕಿನ ಅಂಚನ್ನು ಮಂಡಿಯ ಮೇಲೆ ಎಳೆದುಕೊಂಡು, ನನ್ನ ಕಿವಿಗೆ ಬಾಯಿಟ್ಟು, “ಮಮ್ಮಾ, ಹಾಬ್ ಇಶ್ ವಾಸ್ ಫಾಲ್ಶ್ ಗೆಮಾಖ್ಟ್?” ಎಂದಳು. ತಾನೇನಾದರೂ ತಪ್ಪು ಮಾಡಿದೆನೇ ಎಂದು ಕೇಳುತ್ತಿದ್ದಾಳೆ, ಮಗು!

ನನಗೆ ಮೈಯೆಲ್ಲ ಉರಿದುಹೋಯಿತು. ಟೀಲೋನ ತೋಳು ಹಿಡಿದು, “ಎದ್ದು ಹೇಳು, ಈಗಲೇ,” ಎಂದೆ. ಅವನು ಮೇಜಿನ ಕಡೆ ನೋಡುತ್ತ, “ಅಪ್ಪ ಮರೆತಿರಬೇಕು. ಊಟ ಆದ ಮೇಲೆ ಮಾತಾಡೋಣ,” ಎಂದ. ಊಟವಂತೆ! ಆ ಕ್ಷಣದಲ್ಲಿ ನನ್ನ ಗಂಡನ ಮೇಲೆ ಬಂದಷ್ಟು ಸಿಟ್ಟು ಜೀವಮಾನದಲ್ಲಿ ಯಾರ ಮೇಲೂ ಬಂದಿರಲಿಲ್ಲ.

ನಾನೇ ಎದ್ದು ಮಾವನ ಮುಂದೆ ಹೋಗಿ ನಿಂತೆ. “ನನ್ನ ಮಗಳನ್ನು ಮರೆತಿರಿ.”

ಮಾವ ಮೈಕನ್ನು ಕೈಯಿಂದ ಮುಚ್ಚಿ, ನಕ್ಕು, ನನ್ನ ಭುಜ ತಟ್ಟಿದ. “ಮರೆತಿಲ್ಲ ಸಂಜನಾ. ಇದು ವಂಶಾವಳಿ. ಹುಟ್ಟಿನಿಂದ ಬಂದವರು, ಮತ್ತು ಅವರನ್ನು ಹೆತ್ತವರು, ಇಷ್ಟೇ ಇದರಲ್ಲಿ. ನನ್ನ ಮುತ್ತಜ್ಜ ಹಾಕಿದ ನಿಯಮ. ಮಗು ಎಂದರೆ ನನಗೆ ಪ್ರಾಣ, ನಿನಗೆ ಗೊತ್ತಲ್ಲ.”

ಹಾಗಾದರೆ ನನ್ನನ್ನು ಕರೆದದ್ದೂ ಮುಂದೆ ಹಡೆದುಕೊಡುತ್ತೇನೆಂಬ ಲೆಕ್ಕದಲ್ಲಿ! ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂದು ನಮ್ಮವರು ಸುಮ್ಮನೆ ಹೇಳಿಲ್ಲ.

“ಪಿಯೆರ್ ಈ ಊರ ಬಾಗಿಲಿಗೆ ಬಂದಾಗ, ನೀನು ಯಾರ ರಕ್ತ ಎಂದು ಯಾರಾದರೂ ಕೇಳಿದರಾ?” ನನ್ನ ದನಿ ಏರಿತ್ತು. ಮೈಕ್ ಬೇಕಾಗಲಿಲ್ಲ. “ಕೇಳಿದ್ದರೆ ನೀವೆಲ್ಲ ಇವತ್ತು ಎಲ್ಲಿರುತ್ತಿದ್ದಿರಿ? ನಿಮ್ಮನ್ನು ಒಳಗೆ ಕರೆದದ್ದಕ್ಕೆ ಕಣ್ಣೀರು ಹಾಕುತ್ತೀರಿ. ನೀವು ಒಬ್ಬಳನ್ನು ಕರೆಯಬೇಕಾದಾಗ ಮುತ್ತಜ್ಜನ ನಿಯಮ ನೆನಪಾಗುತ್ತದೆ. ಎಂಟು ವರ್ಷದ ಮಗು ಏಳುತ್ತಿದ್ದದ್ದನ್ನು ನೀವು ನೋಡಿದಿರಿ. ನೋಡಿಯೂ ಮುಂದಿನ ಹೆಸರು ಕೂಗಿದಿರಿ.”

ಓಹಾಯೋದವನು ಏನಾಯಿತೆಂದು ಪಕ್ಕದವರನ್ನು ಕೇಳುತ್ತಿದ್ದ. ಕೊನೆಗೆ ಆ ರೆನಾಟೆ ಅತ್ತೆಯೇ, “ಎಕ್‌ಹಾರ್ಟ್, ಮಗುವಿನ ಹೆಸರು ಕೂಗು,” ಎಂದಳು. ಇನ್ನೂ ನಾಲ್ಕಾರು ಜನ ಹೌದೆಂದರು. ಟೀಲೋ ಆಗಲೂ ಕುಳಿತೇ ಇದ್ದ.

ಮಾವ ಕನ್ನಡಕ ಸರಿಮಾಡಿಕೊಂಡ. ದೊಡ್ಡ ಮನಸ್ಸು ಮಾಡುವವನಂತೆ ಮುಗುಳ್ನಕ್ಕು, “ಸ್ಮಿತಾ ಗಾರ್ನೊ,” ಎಂದ.

ಎಲ್ಲರೂ ಅವಳ ಕಡೆ ತಿರುಗಿದರು. ಸ್ಮಿತಾ ಏಳಲಿಲ್ಲ. ಮಾವ ಮತ್ತೊಮ್ಮೆ ಕೂಗಿದ. ಅವಳು ಮೇಜಿನ ಮೇಲಿನ ನೀರಿನ ಲೋಟವನ್ನೇ ನೋಡುತ್ತಿದ್ದಳು.

ಆಗ, ಆಗ ಎದ್ದ ನನ್ನ ಗಂಡ. ಅವಳ ಕುರ್ಚಿಯ ಪಕ್ಕದಲ್ಲಿ ಮಂಡಿಯೂರಿ, “ಪುಟ್ಟಾ, ಅಜ್ಜ ಕರೆಯುತ್ತಿದ್ದಾರೆ ನೋಡು. ‘ಹಿಯರ್’ ಅನ್ನು, ಸಾಕು,” ಎಂದು ಜರ್ಮನ್‌ನಲ್ಲಿ ಗೋಗರೆದ.

ಅವಳು ಅವನ ಮುಖ ನೋಡಿದಳು. ಅಳಲಿಲ್ಲ.

“ನೀನೂ ನನ್ನ ಹೆಸರು ಹೇಳಲಿಲ್ಲ, ಟೀಲೋ,” ಎಂದಳು.

ನಮ್ಮ ಮದುವೆಯಾದ ದಿನದಿಂದ ಅವಳು ಅವನನ್ನು ಪಪ್ಪಾ ಎನ್ನುತ್ತಿದ್ದಳು. ಟೀಲೋ ನನ್ನ ಕಡೆ ತಿರುಗಿದ, ನೀನಾದರೂ ಹೇಳು ಎನ್ನುವಂತೆ. ನಾನು ಅವಳನ್ನು ತಿದ್ದಲಿಲ್ಲ.