ಒಂದು ಕೈಯ ಬಳೆ

"ಕೈ ಸಡ್ಲ ಬಿಡು ದುರುಗವ್ವಾ. ಹಿಂಗ ಮುಷ್ಟಿ ಹಿಡಕೊಂಡ್ರ ಬಳಿ ಹೆಂಗ ಏರಬೇಕು?"

ಸುಗ್ರಾ ಬೇಗಂ ದುರುಗಮ್ಮನ ಬಲಗೈಯ ಗೆಣ್ಣುಗಳನ್ನು ಒತ್ತಿ ಒತ್ತಿ ಮೆತ್ತಗೆ ಮಾಡಿ ಹಸಿರು ಬಳೆಯೊಂದನ್ನು ಹೆಬ್ಬೆರಳಿನ ಬುಡ ದಾಟಿಸಿದಳು. ದೇವದುರ್ಗದ ಆ ಓಣಿಯಲ್ಲಿ ಅವಳು ಬಳೆ ಇಡಿಸದ ಹೆಂಗಸರಿರಲಿಲ್ಲ. ಮೂವತ್ತು ವರ್ಷದಿಂದ ಮದುವೆಗೂ ಅವಳೇ, ಬಸುರಿಯರ ಕುಬುಸಕ್ಕೂ ಅವಳೇ.

ಕಟ್ಟೆಯ ತುದಿಯಲ್ಲಿ ದುರುಗಮ್ಮನ ಮಗಳು ಮೌನೇಶ್ವರಿ ಕೂತಿದ್ದಳು. ಹದಿನಾಲ್ಕು ತುಂಬಿ ಎರಡು ತಿಂಗಳಾಗಿತ್ತು. ಅವಳ ಕೈಯಲ್ಲಿ ಶಾಲೆಯಿಂದ ಬಂದ ಒಪ್ಪಿಗೆ ಪತ್ರ ನಾಲ್ಕು ಮಡಿಕೆಯಾಗಿ ಬೆವರಿಗೆ ನೆನೆದಿತ್ತು.

"ಯವ್ವಾ, ನಾಳಿಗೆ ನರ್ಸಮ್ಮ ಬರ್ತಾಳ. ನಿನ್ನ ಸಹಿ ಇಲ್ಲಂದ್ರ ಸೂಜಿ ಹಾಕಂಗಿಲ್ಲಂತ. ಕ್ಲಾಸಿನಾಗ ನಾ ಒಬ್ಬಾಕೀನ ಉಳದೀನಿ."

"ಉಳಿ. ಏನೂ ಆಗಂಗಿಲ್ಲ."

"ಯಾವ ಸೂಜಿ?" ಎಂದಳು ಸುಗ್ರಾ, ತಲೆ ಎತ್ತದೆ. ಯಾವ ಸೂಜಿ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದುರುಗಮ್ಮ ದನಿ ತಗ್ಗಿಸಿದಳು. "ಮುಂದ ಗರ್ಭಕೋಶದ ಬಾಯಿಗಿ ಕ್ಯಾನ್ಸರ್ ಆಗಬಾರದಂತ ಈಗ ಹಾಕ್ತಾರಂತ. ನೀನ ಹೇಳು ಸುಗ್ರಮ್ಮ, ಮದಿವಿ ಆಗದ ಹುಡಿಗಿಗಿ ಆ ಜಾಗದ ಸೂಜಿ ಯಾಕ? ನಾಳಿ ಬೀಗರು ಕೇಳಿದ್ರ ಏನ್ ಹೇಳ್ಲಿ? ಮಾನ್ವಿಯಿಂದ ನಮ್ಮ ನಾದಿನಿ ಫೋನ್ ಮಾಡಿದ್ಲು. ಅದನ್ನ ಹಾಕಿಸಿಕೊಂಡ್ರ ಮಕ್ಕಳಾಗಂಗಿಲ್ಲಂತ."

"ನಿನ್ನ ನಾದಿನಿ ಯಾವ ದವಾಖಾನಿ ಡಾಕ್ಟರ್ ಅದಾಳ?"

ಮೌನೇಶ್ವರಿ ಪತ್ರವನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು.

"ನೀ ಹಲ್ಲು ಕಿಸೀಬ್ಯಾಡ ಲೇ. ಇವರಪ್ಪನ್ನ ಕೇಳಿದೆ. ನೀನ ನೋಡಿಕೋ ಅಂದು ಮಿಲ್ಲಿಗಿ ಹೋದ. ನಾ ನೋಡಿಕೊಂಡೀನಿ, ಬ್ಯಾಡ."

ಬಲಗೈಗೆ ಹನ್ನೆರಡು ಬಳೆ ತುಂಬಿದವು. ಸುಗ್ರಾ ಎಡಗೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಹಳೆಯ ಬಳೆಗಳನ್ನು ತೆಗೆದಳು, ಒಂದನ್ನು ಬಿಟ್ಟು. ಗಂಡನಿರುವವಳ ಕೈಯನ್ನು ಬಳೆಗಾರ್ತಿ ಒಂದು ಗಳಿಗೆಯೂ ಬರಿದು ಮಾಡುವುದಿಲ್ಲ. ಇಡಿಸಲು ಕೂತರೆ ಎರಡೂ ಕೈ ತುಂಬದೆ ಏಳುವುದೂ ಇಲ್ಲ. ಆ ಹೊತ್ತಿನಲ್ಲಿ ಬಳೆಗಾರ್ತಿ ರೋಗದ ಹೆಸರು, ಸಾವಿನ ಹೆಸರು ಎತ್ತಬಾರದು. ಇದು ಸುಗ್ರಾಳ ಅತ್ತೆ ಕಲಿಸಿದ ಕಾಯಿದೆ.

ಹೋದ ವರ್ಷ ಸುಗ್ರಾ ನಲವತ್ತು ದಿನ ಓಣಿಗೆ ಬಂದಿರಲಿಲ್ಲ. ಸರಕು ತರಲು ಹೈದರಾಬಾದಿಗೆ ಹೋಗಿದ್ದೆ ಎಂದು ಹೇಳಿದ್ದಳು. ಸುಳ್ಳು ಹೇಳುವವಳು ಸರಿಯಾಗಿ ಹೇಳಬೇಕು. ಹೈದರಾಬಾದಿನಿಂದ ಬಂದವಳ ಪೆಟ್ಟಿಗೆಯಲ್ಲಿ ಒಂದಾದರೂ ಹೊಸ ಬಳೆ ಬೇಡವೇ? ಓಣಿಯ ಹೆಂಗಸರು ಕೇಳಿದಾಗ, ಲಾರಿ ಆಫೀಸಿನವರು ಸರಕು ಕಳೆದರು ಎಂದು ಇಲ್ಲದ ಲಾರಿಗೆ ಬೈದಿದ್ದಳು. ನಿಜ ಬಾಯಿ ಬಿಟ್ಟರೆ ಅವಳ ಕೈಗೆ ಕೈ ಕೊಡುವವರು ಯಾರು? ಆ ರೋಗ ಮುಟ್ಟಿದರೆ ಅಂಟುತ್ತದೆ ಎನ್ನುವವರೇ ಅರ್ಧ ಓಣಿ. ಬಳೆ ಬಿಟ್ಟರೆ ಅವಳಿಗೆ ಬೇರೆ ಅನ್ನವೂ ಇರಲಿಲ್ಲ.

ಅವಳು ಮೌನೇಶ್ವರಿಯನ್ನು ನೋಡಿದಳು. ಹುಡುಗಿ ಪತ್ರದ ಮಡಿಕೆ ಬಿಚ್ಚಿ, ಸಹಿಯ ಖಾಲಿ ಗೆರೆಯನ್ನು ಬೆರಳಿನಿಂದ ಸವರುತ್ತಿದ್ದಳು.

"ದುರುಗವ್ವಾ, ನಾ ಹೋದ ವರ್ಷ ಹೈದರಾಬಾದಿಗಿ ಹೋಗಿದ್ದಿಲ್ಲ."

"ಮತ್ತ?"

"ರಾಯಚೂರು ದವಾಖಾನ್ಯಾಗ ಇದ್ದೆ. ಆ ಜಾಗದ ರೋಗ ಅಂದೆಲ್ಲ, ಅದ ಆಗಿತ್ತು ನನಗ. ಮುಟ್ಟು ನಿಂತು ಆರು ವರ್ಷಕ್ಕ ಮತ್ತ ರಕ್ತ ಕಂಡ್ತು. ತೋರಿಸಿದೆ. ಕ್ಯಾನ್ಸರ್ ಅಂದ್ರು, ಗರ್ಭಕೋಶ ತಗದ್ರು. ಲಗೂ ಸಿಕ್ತು ಅಂತ ಉಳದೀನಿ."

ದುರುಗಮ್ಮನ ಎಡಗೈ ತಾನಾಗಿಯೇ ಹಿಂದಕ್ಕೆ ಸರಿಯಿತು.

ಸುಗ್ರಾಳಿಗೆ ಸಿಟ್ಟು ಬಂತು. "ಎಳಕೋ. ಮುಟ್ಟಿದ್ರ ಅಂಟಂಗಿಲ್ಲ ಅದು, ಆದ್ರೂ ಎಳಕೋ. ನಾ ಏನ್ ಕೆಟ್ಟ ದಾರಿ ಹಿಡದಾಕಿ ಏನು? ಮೂವತ್ತೈದು ವರ್ಷ ಒಬ್ಬ ಗಂಡನ ಕೂಡ ಬಾಳ್ವಿ ಮಾಡೀನಿ. ಡಾಕ್ಟರಮ್ಮ ತಿಳಿಸಿ ಹೇಳ್ಯಾಳ, ಅದೊಂದು ವೈರಸ್ ಅಂತ. ಸಂಸಾರ ಮಾಡೋರಿಗಿ ಯಾರಿಗಿ ಬೇಕಾದ್ರೂ ಬರ್ತದ. ಬಾಳ ಮಂದಿಗಿ ತಾನ ಹೋಗ್ತದ. ಕೆಲವರ ಮೈಯಾಗ ಕುಂತು ಹತ್ತಿಪ್ಪತ್ತು ವರ್ಷಕ್ಕ ಹಿಂಗ ಮಾಡ್ತದ. ಅದು ಬರೋಕಿಂತ ಮೊದಲ ಸೂಜಿ ಹಾಕಬೇಕು, ಅದಕ್ಕ ಈ ವಯಸ್ಸಿನಾಗ. ಮಕ್ಕಳಾಗಂಗಿಲ್ಲ ಅಂತ ಯಾವಾಕಿ ಅಂದ್ಲು? ಮಕ್ಕಳ ಚೀಲ ಉಳೀಲಂತ ಹಾಕೋದು. ನನ್ನ ಮೊಮ್ಮಗಳು ಅಲ್ಮಾಸಗ ಹಾಕಿಸೀನಿ. ತೋಳು ನೋಯ್ತದಂತ ಎರಡು ದಿನ ಭಾಂಡಿ ತಿಕ್ಕಲಿಲ್ಲ ಕಳ್ಳಿ, ಅಷ್ಟ ಆಗಿದ್ದು."

ದುರುಗಮ್ಮ ಎದ್ದಳು. ಒಳಗೆ ಹೋದಳು. ಬಾಗಿಲು ಅರ್ಧ ಮುಚ್ಚಿತು.

ಸುಗ್ರಾ ಕಾದಳು. ಒಳಗೆ ಪಾತ್ರೆ ಸರಿಸಿದ ಸದ್ದು ಬಂತು, ದುರುಗಮ್ಮ ಬರಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಒಂದೇ ಕೈಗೆ ಬಳೆ ಇಡಿಸಿ ಅವಳು ಪೆಟ್ಟಿಗೆ ಮುಚ್ಚಿದಳು.

ಮರುದಿನ ಅವಳು ಓಣಿಗೆ ಹೋಗಲಿಲ್ಲ. ಮನೆಯ ಮುಂದಿನ ಬೇವಿನ ನೆರಳಲ್ಲಿ ಕೂತು ಗಿರಾಕಿಗಳಿಲ್ಲದ ಬಳೆಗಳನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. ಇಷ್ಟು ಹೊತ್ತಿಗೆ ಮಾತು ನಲ್ಲಿಯ ಹತ್ತಿರ ಮುಟ್ಟಿರುತ್ತದೆ. ಹೇಳಿದ್ದು ಹೇಳಿಯಾಯಿತು ಎಂದುಕೊಂಡಳು.

ಮಧ್ಯಾಹ್ನ ಬಿಸಿಲಲ್ಲಿ ಇಬ್ಬರು ಬಂದರು. ಮುಂದೆ ಯೂನಿಫಾರ್ಮಿನ ಮೌನೇಶ್ವರಿ, ಎಡತೋಳನ್ನು ಬಲಗೈಯಲ್ಲಿ ಹಿಡಿದುಕೊಂಡು. ತೋಳಿನ ಮೇಲೆ ಹತ್ತಿಯ ಸಣ್ಣ ಉಂಡೆ, ಅದರ ಮೇಲೊಂದು ಪಟ್ಟಿ. ಹಿಂದೆ ದುರುಗಮ್ಮ.

"ನಿನ್ನಿ ಇವರಪ್ಪ ಮಿಲ್ಲಿನಿಂದ ಬಂದು ನೋಡಿದ," ಎಂದಳು ದುರುಗಮ್ಮ, ನಿಂತಲ್ಲೇ. "ಇದೇನ ಇದು, ಒಂದ ಕೈಗಿ ಹಬ್ಬ ಏನು ಅಂದ. ಎಲ್ಲಾ ಹೇಳಿದೆ. ಸುಗ್ರಮ್ಮ ಅಂಥಾ ಮಾತು ಸುಮ್ಮಸುಮ್ಮನ ಹೇಳಾಕಿ ಅಲ್ಲ, ಸಹಿ ಮಾಡು ಅಂದ."

"ನೀ ಏನಂದಿ?"

"ಅವ ಹೇಳೋಕಿಂತ ಮೊದಲ ಮಾಡಿದ್ದೆ."

ಮೌನೇಶ್ವರಿ ಸುಗ್ರಾಳ ಕಡೆ ತಿರುಗಿ ನಕ್ಕಳು. "ಅಮ್ಮಾ, ನಮ್ಮವ್ವ ನರ್ಸಮ್ಮನ ಮುಂದ ತಾನೂ ಸೆರಗು ಸರಿಸಿ ತೋಳು ಹಿಡದ್ಲು, ನನಗೂ ಹಾಕ್ರಿ ಅಂತ."

"ಸಾಕು ಸುಮ್ಮಕಿರು." ದುರುಗಮ್ಮ ಸುಗ್ರಾಳ ಎದುರು ಕೂತಳು. "ನಿನಗ ಸೂಜಿ ಅಲ್ಲ, ತಪಾಸಣಿ ಮಾಡಿಸಿಕೋ ಅಂದ್ಲು ನರ್ಸಮ್ಮ. ಸೋಮವಾರ ದವಾಖಾನಿಗಿ ಬಾ ಅಂದಾಳ. ನನಗ ಅಂಜಿಕಿ ಆಗ್ತದ. ನೀ ಜೋಡಿ ಬರ್ತೀ?"

"ಬರ್ತೀನಿ. ಅಂಜೋದೇನದ, ಎರಡು ನಿಮಿಷದ ಕೆಲಸ."

ದುರುಗಮ್ಮ ಎಡಗೈ ಮುಂದೆ ಚಾಚಿ ಸುಗ್ರಾಳ ತೊಡೆಯ ಮೇಲೆ ತಾನೇ ಇಟ್ಟಳು. ಮೌನೇಶ್ವರಿ ನೋಯದ ಕೈಯಿಂದ ಪೆಟ್ಟಿಗೆಯ ಹಸಿರು ಬಳೆಗಳ ಸರ ಎತ್ತಿ ಕೊಟ್ಟಳು. ಸುಗ್ರಾ ಗೆಣ್ಣು ಒತ್ತಲು ಬೆರಳಿಟ್ಟಳು. ಒತ್ತುವ ಕೆಲಸ ಬೀಳಲಿಲ್ಲ, ಕೈ ಸಡಿಲವಾಗಿತ್ತು. ಮೊದಲ ಬಳೆ ಎಲ್ಲೂ ತಡೆಯದೆ ಇಳಿದು, ಅಲ್ಲಿದ್ದ ಒಂಟಿ ಹಳೆಯ ಬಳೆಗೆ ತಾಗಿ ಸಣ್ಣಗೆ ಸದ್ದು ಮಾಡಿತು.