ಬಾವಿಗೆ ಉಪ್ಪು ಬಂದ ತಿಂಗಳು

ಹೆಮ್ಮಾಡಿಯ ಸೀತುವಿಗೆ ಗುಲಾಬಿಯ ಮೇಲಿದ್ದ ಹೊಟ್ಟೆಕಿಚ್ಚು ಇಂದು ನಿನ್ನೆಯದಲ್ಲ. ಇಬ್ಬರದೂ ಅಕ್ಕಪಕ್ಕದ ಗದ್ದೆ, ಇಬ್ಬರೂ ಬೆಳೆಯುವುದು ಸೇವಂತಿಗೆ. ಮಕರ ಸಂಕ್ರಾಂತಿ ಹತ್ತಿರವಾದಾಗ ಹೂವು ಕೊಳ್ಳಲು ಬಂದವರು ಮೊದಲು ಗುಲಾಬಿಯ ಅಂಗಳಕ್ಕೇ ಹೋಗುತ್ತಿದ್ದರು. ಅದಕ್ಕೆ ಕಾರಣ ಹೂವಲ್ಲ, ಅವಳ ಮಾತು ಎಂದು ಸೀತು ಇಪ್ಪತ್ತು ವರ್ಷಗಳಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

ಆದರೆ ಮಣ್ಣಿನ ವಿಷಯದಲ್ಲಿ ಆದದ್ದನ್ನು ಮಾತ್ರ ಅವಳಿಗೆ ನುಂಗಿಕೊಳ್ಳಲು ಆಗಲಿಲ್ಲ.

ಹಿಂದಿನ ವರ್ಷ ಹೊಳೆಯ ಕಡೆಗಿನ ಗದ್ದೆಯನ್ನು ಹೊರಗಿನ ಗುತ್ತಿಗೆದಾರನೊಬ್ಬ ಕೊಂಡು, ಹೆಂಚಿನ ಕಾರ್ಖಾನೆಗೆಂದು ಜೇಡಿಮಣ್ಣು ತೆಗೆಯತೊಡಗಿದ. ಒಂದಾಳು ಆಳ ಎಂದವನು ಮೂರಾಳು ಇಳಿದ. ಕೆಲವೇ ದಿನಗಳಲ್ಲಿ ಭರತದ ಉಪ್ಪುನೀರು ಹೊಳೆಯಿಂದ ಆ ಹೊಂಡಕ್ಕೆ ಇಳಿದು ಸೀತುವಿನ ಬಾವಿ ನೀರು ಉಪ್ಪಾಯಿತು. ಮೊಗ್ಗು ಬಿಟ್ಟಿದ್ದ ಗಿಡಗಳು ಎಲೆಯ ಅಂಚಿನಿಂದ ಕಂದಿಹೋದವು. ಆ ಸಂಕ್ರಾಂತಿಗೆ ಅವಳಿಗೆ ಒಂದು ಬೊಗಸೆ ಹೂವೂ ಸಿಗಲಿಲ್ಲ.

ಈ ವರ್ಷ ಮಳೆಗಾಲ ಮುಗಿದು ಜೆಸಿಬಿ ಮತ್ತೆ ಬಂದಾಗ ಅದರ ಮುಂದೆ ಮೊದಲು ಹೋಗಿ ನಿಂತವಳು ಸೀತುವೇ. ಒಬ್ಬಳೇ ಅರ್ಧ ಗಂಟೆ ನಿಂತಳು. ಆಮೇಲೆ ಗುಲಾಬಿ ಹತ್ತು ಹೆಂಗಸರನ್ನು ಕಟ್ಟಿಕೊಂಡು ಬಂದಳು. ಪತ್ರಿಕೆಯವರು ಬರುವ ಹೊತ್ತಿಗೆ ಸೀತು ನೀರು ಕುಡಿಯಲು ಮನೆಗೆ ಹೋಗಿದ್ದಳು. ಮರುದಿನದ ಪೇಪರಿನಲ್ಲಿ ಬಂದದ್ದು ಗುಲಾಬಿಯ ಫೋಟೊ.

ಅಲ್ಲಿಂದ ಮುಂದೆ ಎಲ್ಲದಕ್ಕೂ ಗುಲಾಬಿಯೇ. ಅರ್ಜಿ ಬರೆದದ್ದು ಅವಳ ಜಗಲಿಯಲ್ಲಿ. ಸೀತುವಿನ ಸ್ವಂತ ಸೊಸೆ ಸುರಕ್ಷಾ ಕೂಡ ಊಟ ಬಡಿಸುತ್ತ, "ಗುಲಾಬಕ್ಕ ಇಲ್ದಿದ್ರೆ ನಮ್ ಗದ್ದಿ ಉಳೀತಿತ್ತಾ ಅತ್ತೆ?" ಎಂದಳು.

"ನಂಗೊತ್ತಿಲ್ಲೆ," ಎಂದು ಸೀತು ಅರ್ಧ ಊಟಕ್ಕೇ ಕೈ ತೊಳೆದಳು.

ಅರ್ಜಿ ನೋಡಿದ ಅಧಿಕಾರಿ ಕುಂದಾಪುರದಲ್ಲಿ ವಿಚಾರಣೆ ಇಟ್ಟರು. ಬಸ್ಸಿನಲ್ಲಿ ಗುಲಾಬಿ ಬಂದು ಸೀತುವಿನ ಪಕ್ಕದಲ್ಲೇ ಕುಳಿತಳು. ಹಸಿರು ಸೀರೆಗೆ ಇಸ್ತ್ರಿ ಹಾಕಿಸಿದ್ದಳು. ಆ ಇಸ್ತ್ರಿಯ ಗೆರೆಯ ಮೇಲೂ ಸೀತುವಿಗೆ ಸಿಟ್ಟು ಬಂತು.

"ಸೀತಕ್ಕ, ನೀವ್ ಹೇಳ್ತ್ರ್ಯಾ, ನಾನ್ ಹೇಳೂದಾ?"

"ನೀನೇ ಹೇಳ್. ಮಾತ್ ಬಪ್ದ್ ನಿಂಗಲ್ದಾ?"

ಗುಲಾಬಿ ಚೆಂದವಾಗಿಯೇ ಹೇಳಿದಳು. ಎಲ್ಲಿಯೂ ತಡವರಿಸಲಿಲ್ಲ. ಅಧಿಕಾರಿ ತಲೆಯಾಡಿಸುತ್ತ ಬರೆದುಕೊಂಡರು. ಆಗ ಗುತ್ತಿಗೆದಾರನ ವಕೀಲರು ಎದ್ದು, "ಬಾವಿಗೆ ಉಪ್ಪು ಬಂದದ್ದು ಯಾವ ತಿಂಗಳಲ್ಲಿ ಅಮ್ಮ?" ಎಂದು ಕೇಳಿದರು.

"ಮಾರ್ಚಲ್ಲಿ," ಎಂದಳು ಗುಲಾಬಿ. ಅವಳ ಬಾವಿಗೆ ಬಂದದ್ದು ಆಗಲೇ.

"ಹೊಳೆ ಬದಿಯ ಬಾವಿಗೆ ಬೇಸಿಗೆಯಲ್ಲಿ ಉಪ್ಪು ಬರುವುದು ಪ್ರತಿ ವರ್ಷ ಇದ್ದದ್ದೇ ಸರ್. ಅದಕ್ಕೂ ನಮ್ಮ ಕೆಲಸಕ್ಕೂ ಏನು ಸಂಬಂಧ?"

ಗುಲಾಬಿಯ ಬಾಯಿ ಕಟ್ಟಿತು. ಸೀತುವಿಗೆ ಎಳನೀರು ಕುಡಿದಷ್ಟು ತಂಪಾಯಿತು. ಇನ್ನೂ ಒಂದು ಗಳಿಗೆ ಅವಳು ಹೀಗೇ ನಿಂತಿರಲಿ ಎನ್ನಿಸಿತು. ಗುಲಾಬಿ ತಿರುಗಿ ಇವಳನ್ನು ನೋಡಿದಳು. ಅವಳ ಕಣ್ಣು ತುಂಬಿತ್ತು. ಅದನ್ನು ನೋಡಿ ಸೀತು ಎದ್ದಳು ಎಂದರೆ ಸುಳ್ಳಾಗುತ್ತದೆ. ಅಧಿಕಾರಿ ಕಡತ ಮುಚ್ಚಲು ಕೈ ಹಾಕಿದ್ದರು. ಅದು ಮುಚ್ಚಿದರೆ ಗದ್ದೆ ಹೋಯಿತು ಎಂದು ಎದ್ದಳು.

"ಹ್ವಾಯ್, ಒಂದ್ ನಿಮ್ಷ! ಮಾರ್ಚ್ ಅಂದದ್ ಅವ್ಳ್ ಬಾಮಿದ್. ಹೊಂಡದ್ ಹತ್ರ ಇಪ್ದ್ ನನ್ ಬಾಮಿ. ನಂಗ್ ಉಪ್ಪ್ ಬಂದದ್ ಡಿಸೆಂಬರಲ್ಲಿ, ಸಂಕ್ರಾಂತಿಗೆ ಇನ್ನೂ ಹದಿನೈದ್ ದಿನ ಇತ್ತ್ ಅಂಬು ಹೊತ್ತಿಗೆ. ಆ ತಿಂಗ್ಳಲ್ಲಿ ನನ್ ಅತ್ತೆ ಕಾಲ್ದಿಂದ್ಲೂ ನಮ್ ಬಾಮಿಗ್ ಉಪ್ಪ್ ಬಂದದ್ದಿಲ್ಲೆ. ಹೂಗ್ ಕೊಂಬುಕ್ ಬಂದರ್ ಬರೀ ಕೈಯಲ್ಲಿ ತಿರ್ಗಿ ಹೋದ್ರ್. ಬೇಕಾರೆ ಅವ್ರನ್ನೇ ಕೇಣಿ!"

ವಕೀಲರು ಏನೋ ಹೇಳಹೊರಟರು. ಅಧಿಕಾರಿ ಕೈಯೆತ್ತಿ ತಡೆದರು. "ನಾನೇ ಬಂದು ನೋಡ್ತೇನೆ. ಅಲ್ಲಿಯವರೆಗೆ ಒಂದು ಬುಟ್ಟಿ ಮಣ್ಣೂ ತೆಗೆಯಬಾರದು," ಎಂದರು.

ಹೇಳಿದಂತೆ ಬಂದರು. ಹೊಂಡ ಅಳೆಸಿದರು, ಎರಡೂ ಬಾವಿಗಳ ನೀರು ಪರೀಕ್ಷೆಗೆ ಕಳಿಸಿದರು. ತಿಂಗಳೊಳಗೆ ಪರವಾನಗಿ ರದ್ದಾಗಿ ಜೆಸಿಬಿ ಲಾರಿ ಹತ್ತಿ ಹೋಯಿತು.

ಆ ದಿನ ಸಂಜೆ ಹೆಂಗಸರೆಲ್ಲ ಗುಲಾಬಿಯ ಜಗಲಿಯಲ್ಲಿ ಸೇರಿದರು. ಗುಲಾಬಿ ವಿಚಾರಣೆಯ ಕತೆ ಶುರುಮಾಡಿದಳು. "ನಂಗ್ ಬಾಯೇ ಬರ್ಲಿಲ್ಲೆ ಮಾರಾಯ್ತಿ. ಸೀತಕ್ಕ ಎದ್ದ್ರ್ ಕಾಣಿ! ಆ ವಕೀಲ್ರ್ ಮೋರೆ ಇಷ್ಟ್ ಸಣ್ಣ ಆಯ್ತ್. ನಮ್ ಗದ್ದಿ ಉಳ್ಸಿದ್ದೇ ಅವ್ರ್."

ಒಂದು ಮಾತೂ ಕಡಿಮೆ ಮಾಡಲಿಲ್ಲ. ವಕೀಲರ ದನಿ, ಅಧಿಕಾರಿ ಕೈಯೆತ್ತಿದ್ದು, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದಳು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀತುವಿನ ಕಡೆ ಒಮ್ಮೆ ತಿರುಗಿ, "ಹೌದಾ ಸೀತಕ್ಕ?" ಎಂದು ಕೇಳಿ ಮತ್ತೆ ಗುಲಾಬಿಯ ಮುಖವನ್ನೇ ನೋಡತೊಡಗಿದರು.

ತನ್ನ ಹೊಗಳಿಕೆಯನ್ನೂ ಅವಳ ಬಾಯಿಂದಲೇ ಕೇಳಬೇಕಾಯಿತಲ್ಲ ಎಂದುಕೊಂಡು ಸೀತು ಚಾ ಕುಡಿದಳು. ಚಾ ಬಹಳ ಚೆನ್ನಾಗಿತ್ತು. ಅದೂ ಅವಳಿಗೆ ಸರಿ ಕಾಣಲಿಲ್ಲ.