ಆಮೆನ್ ತನಕ ಹಿಡಿ

ಮುಂದಿನ ಬೆಂಚಿನವರ ಕಾಲರಿನಿಂದ ಒಂದು ಬಿಳಿ ದಾರ ಹೊರಗೆ ಬಂದಿದೆ, ಎಳೆದರೆ ಇಡೀ ಹೊಲಿಗೆ ಬಿಚ್ಚಿಕೊಳ್ಳುವ ಜಾತಿಯ ದಾರ, ಅಮ್ಮ ನೋಡಿದ್ದರೆ ಸುಮ್ಮನಿರುತ್ತಿರಲಿಲ್ಲ, ಇಪ್ಪತ್ತಾರು ವರ್ಷ ದರ್ಜಿ ಅಂಗಡಿಗೆ ಕಾಜಾ ಹೊಲಿದುಕೊಟ್ಟವಳು, ಗುಂಡಿ ತೂರುವ ಆ ಸಣ್ಣ ಸೀಳಿನ ಸುತ್ತ ಒತ್ತೊತ್ತಾಗಿ ಸೂಜಿ ಓಡಿಸಿದವಳು — ಆದರೆ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಾಳೆ, ಚರ್ಚಿನಲ್ಲಿ ಎಲ್ಲರೂ ಮುಚ್ಚಿಕೊಂಡಿದ್ದಾರೆ, ನಾನೊಬ್ಬಳೇ ತೆರೆದುಕೊಂಡು ಕೂತಿರುವುದು, ಯಾಕೆಂದರೆ ಪ್ರಾರ್ಥನೆ ಮಾಡುತ್ತಿರುವವಳು ಅತ್ತೆ. ಅಪ್ಪನ ಅಕ್ಕ, ಮಹಿಳಾ ಕೂಟದ ಮುಖ್ಯಸ್ಥೆ, ಕೈಗೆ ಮೈಕು ಬಂದರೆ ಬಿಡುವ ಪೈಕಿಯಲ್ಲ, ಅವಳ ಒಂದು ಪ್ರಾರ್ಥನೆ ಮುಗಿಯುವಷ್ಟರಲ್ಲಿ ನಮ್ಮ ಬೇಕರಿಯಲ್ಲಿ ಒಂದು ಒಲೆ ಬ್ರೆಡ್ಡು ಬೆಂದು ಈಚೆ ಬರುತ್ತದೆ. ರೋಗಿಗಳು ಆಯಿತು, ಪ್ರಯಾಣದಲ್ಲಿರುವವರು ಆಯಿತು, ಪರೀಕ್ಷೆ ಬರೆಯುವವರು ಆಯಿತು, ಈಗ ಅಮ್ಮನ ಸರದಿ, ಕರ್ತನೇ, ಇಪ್ಪತ್ತೊಂದು ದಿನ ಮನುಷ್ಯರ ಉಪಾಯ ಬಿಟ್ಟು ನಿನ್ನನ್ನೇ ನಂಬ್ಕೊಂಡಿರೋ ಈ ನಿನ್ನ ಮಗಳು ಇವತ್ತು ಎದ್ದು ನಿಂತು ಸಾಕ್ಷಿ ಹೇಳ್ತಾಳೆ. ಹೇಳುತ್ತಾಳಂತೆ, ದೇವರು ತನಗೆ ಮಾಡಿದ್ದನ್ನು, ಎಲ್ಲರ ಮುಂದೆ. ಹೇಳಬೇಕಾದ ನಾಲ್ಕು ಸಾಲನ್ನು ಅತ್ತೆಯೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ, ಚೀಟಿ ಅಮ್ಮನ ಎಡಗೈಯಲ್ಲಿದೆ, ಬಲಗೈ ಸೆರಗಿನ ಕೆಳಗಿದೆ, ಮುಷ್ಟಿ.

ಉಪಾಯ ಎಂದರೆ ನಾನು. ಹದಿನಾಲ್ಕು ತಿಂಗಳ ಹಿಂದೆ ಅಮ್ಮನಿಗೆ ಲಕ್ವ ಹೊಡೆದು ಬಲಗೈ ಬಿತ್ತು, ನಾಲಿಗೆ ಬಿತ್ತು, ಆಸ್ಪತ್ರೆಯ ವ್ಯಾಯಾಮದ ಮೇಡಂ ತೋರಿಸಿಕೊಟ್ಟರು, ಒಂದೊಂದೇ ಬೆರಳು ಬಿಡಿಸಿ, ಮಣಿಕಟ್ಟು ಹಿಂದಕ್ಕೆ ಬಗ್ಗಿಸಿ, ಮೂವತ್ತು ಎಣಿಸೋ ತನಕ ಹಿಡ್ಕೊಳ್ಳಿ, ಅಮ್ಮನೇ ಎಣಿಸ್ಲಿ, ನಾಲಿಗೆಗೂ ಕೆಲಸ ಆಗುತ್ತೆ. ಅಮ್ಮ ಎಣಿಸಿದಳು, ಒಂದು, ಎರಡು, ಆರು, ಆರು, ಹನ್ನೊಂದು, ಆಮೇಲೆ ಗೋಡೆಯ ಕಡೆ ತಿರುಗಿ ಅತ್ತಳು, ಅಳತೆ ಟೇಪಿನ ಒಂದೊಂದು ಗೆರೆಯನ್ನೂ ಬಲ್ಲವಳಿಗೆ ಅಂಕಿಗಳು ಸತ್ತುಹೋಗಿದ್ದವು. ನನಗೆ ಸಿಟ್ಟು, ಹಾಳಾಗಿ ಹೋಗ್ಲಿ ಅಂಕಿ, ಬಾಯಿಗೆ ಬಂದಿದ್ದು ಹೇಳಮ್ಮ ಎಂದೆ, ಬಾಯಿಗೆ ಬಂದದ್ದು ಭಾನುವಾರ ಭಾನುವಾರ ಸಭೆಯಲ್ಲಿ ಎಲ್ಲರೂ ಹೇಳುವ ಕರ್ತನ ಪ್ರಾರ್ಥನೆ, ತುಟಿ ಸೊಟ್ಟ, ಮಾತು ಸೊಟ್ಟ, ಆದರೆ ಒಂದು ಪದ ತಪ್ಪಿಲ್ಲ, ಮೊದಲಿನಿಂದ ಆಮೆನ್‌ವರೆಗೆ. ಅಡುಗೆಮನೆಯ ಗಡಿಯಾರ ಹಿಡಿದು ನೋಡಿದೆ, ಮೂವತ್ತೊಂದು ಸೆಕೆಂಡು. ಮೇಡಂಗೆ ಹೇಳಿದರೆ ನಕ್ಕುಬಿಟ್ಟರು, ಒಂದು ಸೆಕೆಂಡ್ ಲಾಭನೇ ಆಯ್ತಲ್ಲ, ಆಮೆನ್ ತನಕ ಹಿಡಿ. ಅವತ್ತಿನಿಂದ ಮನೆಯಲ್ಲಿ ಅದೇ ಕಾನೂನು, ದಿನಕ್ಕೆ ಐದು ಸಲ, ಬೆಳಗ್ಗೆ ನಾನು ಬೇಕರಿಗೆ ಹೊರಡುವ ಮೊದಲು ಎರಡು, ಬಂದ ಮೇಲೆ ಮೂರು, ನೋವು ಜಾಸ್ತಿಯಿದ್ದ ದಿನ ಅಮ್ಮ ಕಳ್ಳಾಟ ಆಡುವಳು, ಕ್ಷಮೆ ಕೇಳುವ ಸಾಲನ್ನು ನುಂಗಿ ನೇರ ಆಮೆನ್‌ಗೆ ಹಾರುವಳು, ಅಮ್ಮಾ, ಕ್ಷಮೆ ಎಲ್ಲಿ ಹೋಯ್ತು, ವಾಪಸ್ ಬಾ, ಅರ್ಧ ಬಾಯಲ್ಲಿ ನಗುವಳು, ಸಿಕ್ಕಿಬಿದ್ದೆ ಅನ್ನುವ ನಗು. ಹನ್ನೊಂದನೇ ತಿಂಗಳಿಗೆ ಲೋಟ ಹಿಡಿದಳು. ಹದಿಮೂರಕ್ಕೆ ಡಬ್ಬಿಯಿಂದ ಒಂದು ಅಂಗಿಗುಂಡಿ ಎತ್ತಿ ನನ್ನ ಕೈಗೆ ಹಾಕಿದಳು, ಪದಕ ಕೊಟ್ಟ ಹಾಗೆ. ಅದು ಪ್ರಾರ್ಥನೆಯೋ ವ್ಯಾಯಾಮವೋ, ನನ್ನನ್ನು ಯಾಕೆ ಕೇಳುತ್ತೀರಿ, ಹಿಟ್ಟು ನಾದುವವಳು ನಾನು, ನಾದದೆ ಬಿಟ್ಟರೆ ಬ್ರೆಡ್ಡು ಕಲ್ಲು, ನಾದಿದ ಮೇಲೆ ಮುಚ್ಚಿಟ್ಟರೆ ತಾನಾಗಿ ಉಬ್ಬುತ್ತದೆ, ಉಬ್ಬಿಸಿದ್ದು ನಾನು ಅಂದರೆ ಸುಳ್ಳು, ನಾದಿದ್ದು ನಾನಲ್ಲ ಅಂದರೆ ಅದೂ ಸುಳ್ಳು, ಇಷ್ಟೇ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ. ಅತ್ತೆಗೆ ಇದೆ. ಒಂದು ದಿನ ಹೇಳದೆ ಕೇಳದೆ ಬಂದಳು, ಬಾಗಿಲಲ್ಲೇ ನಿಂತು ನೋಡಿದಳು, ನಾನು ಬೆರಳು ಬಗ್ಗಿಸುತ್ತಿದ್ದೇನೆ, ಅಮ್ಮ ಹಲ್ಲು ಕಚ್ಚಿಕೊಂಡು ಹೇಳುತ್ತಿದ್ದಾಳೆ, ಏನೇ ಇದು, ಕರ್ತನ ಪ್ರಾರ್ಥನೆನ ಗಡಿಯಾರ ಮಾಡ್ಕೊಂಡಿದೀರಾ ತಾಯಿ ಮಗಳು, ಅದಕ್ಕೇ ಪೂರ್ತಿ ವಾಸಿ ಆಗ್ತಿಲ್ಲ, ಒಂದು ಕಡೆ ನಂಬ್ತೀರಿ, ಇನ್ನೊಂದು ಕಡೆ ಕೈ ತಿರುಚ್ತೀರಿ, ಅದು ಅನುಮಾನ ಅಲ್ವೇನೇ. ನಾನು ಬಿಡಲಿಲ್ಲ, ಅತ್ತೆ, ನೀವು ಕನ್ನಡಕ ಹಾಕ್ಕೊಂಡೇ ಅಲ್ವಾ ವೇದಪಾಠ ಓದೋದು, ಅದು ಅನುಮಾನ ಅಲ್ವಾ. ನೋಡು ಇವಳ ಬಾಯಿ, ಮೊಳ ಉದ್ದ, ಎಂದು ಅತ್ತೆ ಅಮ್ಮನ ಕಡೆ ತಿರುಗಿದಳು, ಇಪ್ಪತ್ತೊಂದು ದಿನ, ಬರೀ ಪ್ರಾರ್ಥನೆ, ಕೈ ಮುಟ್ಟೋ ಹಾಗಿಲ್ಲ, ನಾನೂ ಉಪವಾಸ ಇರ್ತೀನಿ, ಮಾತು ಕೊಡು. ಅಮ್ಮ ಕೊಟ್ಟಳು. ಆಯ್ತು ಅತ್ತಿಗೆ. ಕೊಡದೆ ಏನು ಮಾಡುತ್ತಾಳೆ, ಆಸ್ಪತ್ರೆಯಲ್ಲಿ ಒಂಬತ್ತು ದಿನ ಬರೀ ನೆಲದ ಮೇಲೆ ಮಲಗಿದ್ದವಳು ಇದೇ ಅತ್ತೆ, ಅಮ್ಮನ ಮಲಮೂತ್ರ ಬಳಿದವಳು ಇದೇ ಅತ್ತೆ, ಈಗಲೂ ನಿಜವಾಗಿ ಉಪವಾಸ ಮಾಡಿದ್ದಾಳೆ, ಕುಪ್ಪಸ ಸಡಿಲವಾಗಿದೆ, ಕೆಟ್ಟವಳಾಗಿದ್ದರೆ ಎಷ್ಟು ಸುಲಭವಿತ್ತು, ಒಂದು ಮಾತಲ್ಲಿ ಕಳಿಸಿಬಿಡುತ್ತಿದ್ದೆ. ನಾನೂ ಸುಮ್ಮನಿದ್ದೆ, ಇಪ್ಪತ್ತು ದಿನ ಸುಮ್ಮನಿದ್ದೆ, ಅದು ನನ್ನ ತಪ್ಪು, ಅಮ್ಮ ಮಾತು ಕೊಟ್ಟರೆ ಮುಗಿಯಿತು ಎಂದುಕೊಂಡೆ, ಜ್ವರದಲ್ಲೂ ಎದ್ದು ಕೂತು ಹೇಳಿದ ಹೊತ್ತಿಗೆ ಕಾಜಾ ಮುಗಿಸಿದವಳು. ನಿನ್ನೆ ಸ್ನಾನ ಮಾಡಿಸುವಾಗ ಮುಷ್ಟಿಯಿಂದ ವಾಸನೆ, ಗಾಳಿಯಾಡದ ಬಟ್ಟೆಯ ವಾಸನೆ, ಬಲವಂತವಾಗಿ ಒಂದಿಷ್ಟು ಬಿಡಿಸಿದರೆ ಅಂಗೈಯಲ್ಲಿ ನಾಲ್ಕು ಉಗುರಿನ ಗುರುತು, ಸಾಲಾಗಿ, ಒಳಗಿಳಿದು ಕೆಂಪಾಗಿ, ಅವಳದೇ ಉಗುರು ಅವಳದೇ ಕೈಗೆ. ಮೇಡಂಗೆ ಫೋನ್ ಮಾಡಿದೆ, ನಾಳಿದ್ದು ಸೋಮವಾರ ಕರ್ಕೊಂಡ್ ಬಾ, ಇನ್ನೂ ಬಿಟ್ಟರೆ ಬೆರಳು ಹಾಗೇ ಗಟ್ಟಿಯಾಗ್ಬಿಡುತ್ತೆ, ಆಮೇಲೆ ನನ್ನ ಕೈಲಿ ಏನೂ ಆಗಲ್ಲ. ಅಮ್ಮನಿಗೆ ಹೇಳಿದೆ, ಸಾಕ್ಷಿ ಹೇಳಾದ ಮೇಲೆ ನೋಡೋಣ ಎಂದಳು. ನೋಡುವುದೇನು, ಚೀಟಿಯ ಕೊನೆಯ ಸಾಲು ನಾನು ಓದಿದ್ದೇನೆ, ಇನ್ನು ಮುಂದೆಯೂ ಮನುಷ್ಯರ ಉಪಾಯ ನನಗೆ ಬೇಡ, ಅರವತ್ತು ಜನರ ಮುಂದೆ ಅಮ್ಮ ಅದನ್ನು ಹೇಳಿದರೆ ಸಾಯುವತನಕ ನಡೆಸುತ್ತಾಳೆ.

ಅದಕ್ಕೇ ಈಗ, ಇಲ್ಲೇ, ಎಲ್ಲರ ಕಣ್ಣು ಮುಚ್ಚಿರುವಾಗಲೇ, ಸೆರಗಿನ ಕೆಳಗೆ ಕೈ ಹಾಕಿದ್ದೇನೆ, ಮುಷ್ಟಿ ಬಿಸಿಯಾಗಿದೆ, ಹೆಬ್ಬೆರಳನ್ನು ಮೊದಲು, ಮೆಲ್ಲಗೆ, ಬೆಂಚು ಕಿರುಗುಟ್ಟುತ್ತದೆ, ಬಿಡೇ, ಜನ, ಎಂದು ಅಮ್ಮ ಪಿಸುಗುಟ್ಟುತ್ತಾಳೆ, ಜನ ಕಣ್ಣು ಮುಚ್ಕೊಂಡಿದಾರೆ ಎನ್ನುತ್ತೇನೆ, ಮಾತು ಕೊಟ್ಟಿದೀನಿ ಕಣೇ ಎನ್ನುತ್ತಾಳೆ, ನಾನು ಕೊಟ್ಟಿಲ್ಲ. ತೋರುಬೆರಳು. ಅತ್ತೆ ಮೈಕಿನಲ್ಲಿ ಏರುದನಿಗೆ ಹೋಗಿದ್ದಾಳೆ, ಮುಟ್ಟು ಕರ್ತನೇ ಈ ಕೈಯನ್ನು ಮುಟ್ಟು, ಮುಟ್ಟುತ್ತಿದ್ದೇನೆ ಅತ್ತೆ, ಅವನ ಕೈ ಹೇಗಿರುತ್ತದೋ ನನಗೆ ಗೊತ್ತಿಲ್ಲ, ಸದ್ಯಕ್ಕೆ ಇರುವುದು ಇದು, ಒಲೆಗೆ ಸುಟ್ಟು ಕಪ್ಪಾದ ಕೈ, ಹಿಟ್ಟು ಉಗುರಿನ ಸಂದಿಯಲ್ಲಿ ಒಣಗಿದ ಕೈ, ಇದನ್ನೇ ತೆಗೆದುಕೋ ಕರ್ತನೇ, ಬೇಡವಾದರೆ ಬೇರೆ ಕಳಿಸು, ಕಳಿಸುವತನಕ ನಾನು ತೆಗೆಯುವುದಿಲ್ಲ. ನಡುಬೆರಳು ಬರುತ್ತಿಲ್ಲ, ಅಮ್ಮನ ಮೈ ಇಡೀ ಬಿಗಿಯಾಗಿದೆ, ಕೆನ್ನೆಯ ಮೇಲೆ ನೀರು, ನೋವಿನದೋ ಸಿಟ್ಟಿನದೋ, ಇರಲಿ, ಸಿಟ್ಟು ಬರಲಿ, ನನ್ನ ಮೇಲೆ ಬರಲಿ, ಅತ್ತೆ ಮುಗಿಸಿದಳು, ಎಲ್ಲರೂ ಸೇರಿ ಕರ್ತನ ಪ್ರಾರ್ಥನೆ ಹೇಳೋಣ, ಅರವತ್ತು ಗಂಟಲು ಒಟ್ಟಿಗೆ ಎದ್ದವು, ಬಸ್ಸು ತಪ್ಪೀತು ಅನ್ನುವ ಓಟ, ಅಮ್ಮನ ತುಟಿ ಅಲ್ಲಾಡಿತು, ನಡುಬೆರಳು ಸ್ವಲ್ಪ, ಸ್ವಲ್ಪವೇ, ಅವರೆಲ್ಲ ದಬದಬನೆ ಆಮೆನ್ ಎಂದು ಕಣ್ಣು ತೆರೆದು ಬೆಂಚಿಗೆ ಒರಗಿದರು, ಅಮ್ಮ ಇನ್ನೂ ಪ್ರಾರ್ಥನೆಯ ನಡುವೆ, ಆಹಾರ ಕೇಳುವ ಸಾಲಿನಲ್ಲೇ ಇದ್ದಾಳೆ, ಗಟ್ಟಿಯಾಗಿ, ಸೊಟ್ಟಸೊಟ್ಟವಾಗಿ, ಒಬ್ಬಳೇ. ಮುಂದಿನ ಬೆಂಚು ತಿರುಗಿ ನೋಡಿತು. ಅತ್ತೆ ವೇದಿಕೆಯ ಮೆಟ್ಟಿಲ ಮೇಲಿಂದ, ಆಯ್ತಮ್ಮ, ಆಮೆನ್ ಆಯ್ತು, ಬಾ, ಸಾಕ್ಷಿ ಹೇಳು, ಎಂದಳು, ಮೈಕು ಇನ್ನೂ ಹಾಕಿಯೇ ಇತ್ತು, ಗೋಡೆಗೆಲ್ಲ ಕೇಳಿಸಿತು. ನನ್ನ ಹಿಡಿತ ಸಡಿಲವಾಯಿತು, ಅರವತ್ತು ಜನರ ಕಣ್ಣು ಎಂದರೆ ಕಡಿಮೆಯಲ್ಲ, ಆಗ ಅಮ್ಮ ಸಾಲಿನ ನಡುವೆ ನಿಲ್ಲಿಸಿ, ಕಣ್ಣು ತೆರೆಯದೆ, ಹಿಡಿ, ಬಿಡ್ಬೇಡ, ಎಂದಳು, ನನಗೆ, ಎಲ್ಲರಿಗೂ ಕೇಳುವ ಹಾಗೆ, ಮತ್ತೆ ನಿಲ್ಲಿಸಿದಲ್ಲಿಂದಲೇ ಮುಂದುವರಿಸಿದಳು, ಚೀಟಿ ಜಾರಿ ನೆಲಕ್ಕೆ ಬಿತ್ತು, ಸೆರಗನ್ನು ಎಡಗೈಯಿಂದ ಅವಳೇ ಸರಿಸಿದಳು, ನಾನು ಹಿಡಿದಿದ್ದೇನೆ, ಅತ್ತೆ ಮೆಟ್ಟಿಲಿಳಿದು ಹತ್ತಿರ ಬರುತ್ತಿದ್ದಾಳೆ, ಬರಲಿ, ನೋಡಲಿ, ನನ್ನ ಮೊಣಕಾಲ ಮೇಲೆ ಅಂಗೈ, ಕಿಟಕಿಯ ಬೆಳಕಿನಲ್ಲಿ, ಉಂಗುರದ ಬೆರಳೂ ಬಂತು, ಕಿರುಬೆರಳೂ, ಕೆಂಪಗೆ, ಸಾಲಾಗಿ, ನಾಲ್ಕು ಉಗುರಿನ ಗುರುತು, ಅಮ್ಮ ಇನ್ನೂ ಆಮೆನ್ ಎಂದಿಲ್ಲ.